ಶಂಕ್ರಮ್ಮ ತಾನೇ ಆರಿಸಿದ ದೀಪ

ಹೋದ ತಿಂಗಳ ಒಂದು ಮಂಗಳವಾರ ನಮ್ಮ ಸ್ವಸಹಾಯ ಸಂಘದ ಸಭೆ ಇನ್ನೂ ಶುರುವಾಗಿರಲಿಲ್ಲ, ಮೌನಮ್ಮ ಸೆರಗು ಕೊಡವಿ ಎದ್ದು ನಿಂತಳು. ಹೆಸರು ಮೌನಮ್ಮ, ಬಾಯಿ ಮಾತ್ರ ಸಂತೆಯ ಬಾಯಿ. ಗ್ಯಾಸಿನ ಸಿಲಿಂಡರ್ ರೇಟು ಮತ್ತೆ ಏರಿದೆ, ಕರೆಂಟ್ ಬಿಲ್ ಬೇರೆ ಬಂದಿದೆ, ಈ ತಿಂಗಳು ಸಂಘದ ಉಳಿತಾಯಕ್ಕೆ ನನ್ನಿಂದ ಒಂದು ಪೈಸೆ ಬರುವುದಿಲ್ಲ ಎಂದಳು. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಸುಮ್ಮನಿರುತ್ತಿದ್ದೆ. ಕೊನೆಗೆ ಒಂದು ಮಾತು ಸೇರಿಸಿದಳು.

"ಏರಿಸೋರು ಏರಿಸ್ತಾರ, ಕೊಡೋರು ಕೊಡಬೇಕು. ನಮ್ಮ ಕೈಯಾಗ ಏನೈತಿ ಅಕ್ಕಾ?"

ಈ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ನನ್ನ ಹೆಸರು ಮಲ್ಲಿಕಮ್ಮ. ಸುರಪುರದಲ್ಲಿ ಕುರಿ ಸಾಕುವ, ಕಂಬಳಿ ನೇಯುವ ಮನೆಗೆ ಸೊಸೆಯಾಗಿ ಬಂದು ನಲವತ್ತು ವರ್ಷದ ಮೇಲಾಯಿತು. ಆ ಮನೆಯಲ್ಲಿ "ನಮ್ಮ ಕೈಯಾಗ ಏನೈತಿ" ಎಂದವರಿಗೆ ರೊಟ್ಟಿ ಸಿಗುತ್ತಿರಲಿಲ್ಲ. ಯಾಕೆ ಅಂತ ಮೌನಮ್ಮನಿಗೆ ಅವತ್ತು ಹೇಳಿದೆ, ಈಗ ನಿಮಗೂ ಹೇಳುತ್ತೇನೆ, ಕೂತುಕೊಳ್ಳಿ. ಒಲೆಯ ಮೇಲೆ ಏನಾದರೂ ಇಟ್ಟು ಬಂದಿದ್ದರೆ ಮೊದಲು ಹೋಗಿ ಅದನ್ನು ಆರಿಸಿ ಬನ್ನಿ.

ಇದು ನನ್ನ ಅತ್ತೆ ರೇಣಮ್ಮ ನನಗೆ ಹೇಳಿದ್ದು. ಅವಳ ಅತ್ತೆ ಶಂಕ್ರಮ್ಮನ ಕಥೆ. ಆಗ ಗ್ಯಾಸೂ ಇರಲಿಲ್ಲ, ಕರೆಂಟೂ ಇರಲಿಲ್ಲ. ಒಲೆಗೆ ಕಟ್ಟಿಗೆ, ದೀಪಕ್ಕೆ ಚಿಮಣಿ ಎಣ್ಣೆ. ನೀವು ಸೀಮೆಎಣ್ಣೆ ಅನ್ನುತ್ತೀರಲ್ಲ, ಅದೇ. ಉರಿಸುವ ವಸ್ತು ಬೇರೆ ಇರಬಹುದು, ಉರಿಯುವ ಹೊಟ್ಟೆ ಅದೇ.

ಸುರಪುರ ಆಗ ನಿಜಾಮನ ರಾಜ್ಯದೊಳಗಿನ ಊರು. ಆ ರಾಜ್ಯ ಹಿಂದೂಸ್ತಾನದಲ್ಲಿ ಸೇರುವ ಮುಂಚಿನ ಬೇಸಿಗೆ ಬಹಳ ಕೆಟ್ಟದ್ದು. ಕತ್ತಲಾದರೆ ಸಾಕು, ಯಾರೋ ಬರುತ್ತಾರೆ, ದೋಚುತ್ತಾರೆ ಎಂಬ ಸುದ್ದಿ. ಬೆಳಕು ಕಂಡ ಮನೆಗೇ ಮೊದಲು ನುಗ್ಗುತ್ತಾರೆ ಎಂದು ಓಣಿಯ ಹಿರಿಯರು ಬಾಗಿಲು ಬಾಗಿಲಿಗೆ ಬಂದು ದೀಪ ಆರಿಸಿರಿ ಎಂದು ಹೇಳಿ ಹೋಗುತ್ತಿದ್ದರು. ಆ ಬೇಸಿಗೆಯಲ್ಲೇ ಶಂಕ್ರಮ್ಮನ ಗಂಡ ಸಾಬಣ್ಣ ಜ್ವರ ಹಿಡಿದು ಮಲಗಿದ. ಅವನ ಜೀವ ಹೋದದ್ದು ಹಾಗೆ ದೀಪ ಆರಿಸಿ ಕೂತ ಒಂದು ರಾತ್ರಿ. ಶಂಕ್ರಮ್ಮ ಕೈಯಿಂದ ತಡವಿ ಬಾಯಿ ಹುಡುಕಿ ನೀರು ಬಿಟ್ಟಳು. ನೀರು ಗಂಟಲೊಳಗೆ ಇಳಿಯಿತೋ ಕೊರಳ ಮೇಲೆ ಹರಿಯಿತೋ ಅವಳಿಗೆ ತಿಳಿಯಲಿಲ್ಲ. ಕೊನೆಯ ಹೊತ್ತಿನಲ್ಲಿ ಗಂಡನ ಮುಖವನ್ನೂ ನೋಡಲಿಲ್ಲ.

ಮಳೆಗಾಲದಲ್ಲಿ ಹಿಂದೂಸ್ತಾನದ ಫೌಜು ಬಂತು, ರಾಜ್ಯ ಬದಲಾಯಿತು. ಶಂಕ್ರಮ್ಮ ಅವತ್ತೇ ಮನೆಯಲ್ಲಿ ಹುಕುಂ ಮಾಡಿದಳು: ಇನ್ನು ನನ್ನ ಮನೆಯಲ್ಲಿ ದೀಪ ಆರಬಾರದು. ಕುರಿಹಟ್ಟಿಯ ಬಾಗಿಲಿಗೆ ಒಂದು ಕಂದೀಲು, ಪಡಸಾಲೆಗೆ ಒಂದು ಕಂದೀಲು, ಅಡುಗೆಮನೆಗೆ ಒಂದು ಚಿಮಣಿ, ಸಾಬಣ್ಣ ಮಲಗುತ್ತಿದ್ದ ಖೋಲಿಗೆ ಒಂದು ಚಿಮಣಿ. ಸಂಜೆ ಹಚ್ಚಿದರೆ ಸೂರ್ಯ ಮೇಲೆ ಬರುವ ತನಕ ಉರಿಯಬೇಕು. ಆ ಖೋಲಿಯಲ್ಲಿ ಈಗ ಯಾರೂ ಮಲಗುತ್ತಿರಲಿಲ್ಲ, ಆದರೂ ಉರಿಯಬೇಕು. ಶಂಕ್ರಮ್ಮನ ಮನೆಯಲ್ಲಿ ದಿನಾ ದೀಪಾವಳಿ ಎಂದು ಓಣಿಯವರು ಹಿಂದಿನಿಂದ ನಗುತ್ತಿದ್ದರು. ಎದುರಿಗೆ ನಗುವ ಎದೆ ಯಾರಿಗೂ ಇರಲಿಲ್ಲ.

ಹೀಗೆ ಮೂರು ನಾಲ್ಕು ವರ್ಷ ನಡೆಯಿತು. ಆಮೇಲೆ ಎಲ್ಲದರ ರೇಟು ಏರತೊಡಗಿತು. ಕಟ್ಟಿಗೆಯ ಹೊರೆ ಸಣ್ಣದಾಯಿತು, ಬೆಲೆ ದೊಡ್ಡದಾಯಿತು. ಎಣ್ಣೆಯದಂತೂ ಕೇಳಬೇಡಿ. ಆಗ ಊರಲ್ಲಿ ಎರಡು ನಮೂನೆಯ ದುಡ್ಡು ನಡೆಯುತ್ತಿತ್ತು, ನಿಜಾಮನ ಹಾಲಿ ರೂಪಾಯಿ ಮತ್ತು ಹಿಂದೂಸ್ತಾನದ ಕಲ್ದಾರ ರೂಪಾಯಿ. ಎರಡರಲ್ಲಿ ಕಲ್ದಾರದ ಬೆಲೆ ಹೆಚ್ಚು. ಆರು ಕಲ್ದಾರ ಕೊಟ್ಟರೆ ಏಳು ಹಾಲಿ ಬರುತ್ತಿತ್ತು. ಹಾಲಿ ಹಿಂದೆ ಸರಿದು ಕಲ್ದಾರ ಮುಂದೆ ಬಂದಾಗ ಎಣ್ಣೆ ಅಂಗಡಿಯ ಭಗವಂತರಾಯ ಒಂದು ಹುನ್ನಾರ ಮಾಡಿದ. ಹಾಲಿಯಲ್ಲಿ ಎಷ್ಟು ಆಣೆ ಕೇಳುತ್ತಿದ್ದನೋ ಅಷ್ಟೇ ಆಣೆಯನ್ನು ಕಲ್ದಾರದಲ್ಲಿ ಕೇಳಿದ. ರೇಟು ಅದೇ ಇದೆಯಲ್ಲ ಎಂದು ಮೀಸೆಯೊಳಗೆ ನಗುತ್ತಿದ್ದ. ಅದರ ಮೇಲೆ ಪೇಟೆಯ ಏರಿಕೆ ಬೇರೆ. ರೇಣಮ್ಮ ಇದನ್ನು ಗುರುತಿಸಿ ಮನೆಯಲ್ಲಿ ಹೇಳಿದಳು. ಅತ್ತೆ ನಂಬಲಿಲ್ಲ. ಸೊಸೆಗೆ ಅಂಗಡಿಯವನ ಹತ್ತಿರ ಮಾತಾಡಲು ಬರುವುದಿಲ್ಲ, ಅದಕ್ಕೇ ಹೀಗೆ ಅನ್ನುತ್ತಾಳೆ ಎಂದುಕೊಂಡಳು.

ಶಂಕ್ರಮ್ಮನ ಮಗ ಬೀರಣ್ಣ, ಅಂದರೆ ರೇಣಮ್ಮನ ಗಂಡ, ಎದುರು ಮಾತಾಡುವವನಲ್ಲ. ತಾಯಿಯ ದೀಪಕ್ಕಾಗಿ ಮೊದಲು ಒಂದು ಟಗರು ಮಾರಿದ, ಆಮೇಲೆ ಇನ್ನೊಂದು. ಮಾರುವಂಥ ಟಗರು ಮುಗಿದವು. ಉಳಿದದ್ದು ಚುಕ್ಕಿ.

ಚುಕ್ಕಿ ಯಾರು ಅಂತ ಹೇಳಬೇಕು. ನಮ್ಮ ಮನೆತನದಲ್ಲಿ ಒಂದು ರೂಢಿ ಇದೆ. ಹೆಣ್ಣು ಹುಟ್ಟಿ ಹೆಸರಿಟ್ಟ ದಿನ ಅವಳ ಹೆಸರಿಗೆ ಒಂದು ಹೆಣ್ಣುಮರಿ ಬಿಡುತ್ತೇವೆ, ಕಿವಿಗೆ ಬೇರೆ ಗುರುತು ಮಾಡುತ್ತೇವೆ. ಅದು ಈದ ಮರಿ ಅವಳದು, ಆ ಮರಿಯ ಮರಿಯೂ ಅವಳದು. ಲಗ್ನವಾಗಿ ಹೋಗುವಾಗ ಅವಳ ಹಿಂಡು ಅವಳ ಹಿಂದೆಯೇ ಹೋಗುತ್ತದೆ. ಅದರ ಮೇಲೆ ಅಪ್ಪನಿಗೂ ಹಕ್ಕಿಲ್ಲ, ಅಣ್ಣನಿಗೂ ಹಕ್ಕಿಲ್ಲ. ರೇಣಮ್ಮನ ಮಗಳು ಗುರುಲಿಂಗಮ್ಮ ಆಗ ಗೋಡೆ ಹಿಡಿದು ನಡೆಯುವ ಕೂಸು. ಅವಳ ಹೆಸರಿಗೆ ಬಿಟ್ಟದ್ದೇ ಹಣೆಯ ಮೇಲೆ ಬಿಳಿ ಬೊಟ್ಟಿದ್ದ ಚುಕ್ಕಿ, ಆ ವರ್ಷ ಚೊಚ್ಚಲ ಗಬ್ಬವಾಗಿದ್ದಳು.

ಒಂದು ಸಂಜೆ ಬೀರಣ್ಣ ಕಂಬಳಿ ಕೊಡವುತ್ತ, ಯಾರ ಮುಖವನ್ನೂ ನೋಡದೆ, ಬರುವ ಸಂತೆಗೆ ಚುಕ್ಕಿಯನ್ನು ಹೊಡೆದುಕೊಂಡು ಹೋಗುತ್ತೇನೆ ಎಂದ. ರೇಣಮ್ಮ ಬೇಯಿಸುತ್ತಿದ್ದ ರೊಟ್ಟಿ ಹಂಚಿನ ಮೇಲೇ ಕರಕಲಾಯಿತು. ಮದುವೆಯಾದಾಗಿನಿಂದ ಅತ್ತೆಗೆ ಎದುರಾಡದ ಹೆಣ್ಣು ಮಾರನೇ ದಿನ ಬೆಳಿಗ್ಗೆ ಹೋಗಿ ಎದುರಿಗೆ ನಿಂತಳು.

"ಅತ್ತಿ, ನಾಕು ದೀಪದಾಗ ಎರಡು ಆರಿಸಿದ್ರ ನಮ್ಮ ಚುಕ್ಕಿ ಉಳಿತಾಳ್ರಿ."

"ನಿನ್ನ ಗಂಡ ಸಾಯೋ ಹೊತ್ತಿಗೆ ನೀ ಕತ್ತಲಾಗ ಕುಂತಿದ್ದೇನು?" ಎಂದಳು ಶಂಕ್ರಮ್ಮ. "ಕುಂತಿಲ್ಲಲ್ಲ. ಹಂಗಾರ ನನ್ನ ಮುಂದ ದೀಪದ ಮಾತು ಆಡಬ್ಯಾಡ."

ಅವತ್ತು ನನಗೆ ಅಳು ಬರಲಿಲ್ಲ, ಸಿಟ್ಟು ಬಂತು ಎಂದು ನಮ್ಮತ್ತೆ ಹೇಳುತ್ತಿದ್ದಳು. ಶಂಕ್ರಮ್ಮನ ದುಃಖ ಅವಳಿಗೆ ಅರ್ಥವಾಗುತ್ತಿತ್ತು. ಆದರೆ ಅಜ್ಜಿಯ ದುಃಖಕ್ಕೆ ಮೊಮ್ಮಗಳ ಕುರಿ ಯಾಕೆ ಹೋಗಬೇಕು ಎಂಬುದು ಅರ್ಥವಾಗಲಿಲ್ಲ. ದೀಪ ಅತ್ತೆಯದು, ಒಲೆ ಮಾತ್ರ ಸೊಸೆಯದು. ಸರಿ, ಒಲೆಯಿಂದಲೇ ಹಿಡಿದಳು.

ಆ ಮನೆಯ ಒಲೆ ಬೆಳಗಿನಿಂದ ರಾತ್ರಿಯವರೆಗೆ ಉರಿಯುತ್ತಲೇ ಇರುತ್ತಿತ್ತು. ಒಲೆ ತಣ್ಣಗಾದರೆ ಮನೆಗೆ ಒಳ್ಳೆಯದಲ್ಲ ಎಂಬ ನಂಬಿಕೆ. ಅದಕ್ಕೆ ಒಂದು ದೊಡ್ಡ ಜಾಲಿ ಕೊರಡು ಸುಮ್ಮನೆ ಉರಿಯುತ್ತ ಬಿದ್ದಿರುತ್ತಿತ್ತು. ರೇಣಮ್ಮ ಅಡುಗೆ ಮುಗಿದ ಕೂಡಲೇ ಕೊರಡನ್ನು ಹೊರಗೆಳೆದು ಆರಿಸಿ, ಕೆಂಡವನ್ನು ಒಂದು ಕಡೆ ಗುಡ್ಡೆ ಮಾಡಿ ಮೇಲೆ ಬೂದಿ ಮುಚ್ಚಿದಳು. ಸಂಜೆ ಬೂದಿ ಸರಿಸಿ ಊದಿದರೆ ಕೆಂಡ ಜೀವಂತ. ಒಲೆಯೂ ತಣ್ಣಗಾಗಲಿಲ್ಲ, ಕಟ್ಟಿಗೆಯೂ ಹೋಗಲಿಲ್ಲ. ತೊಗರಿ ಬೇಳೆಯನ್ನು ಹೊಲಕ್ಕೆ ಹೋಗುವ ಮೊದಲೇ ನೆನೆಹಾಕಿದಳು, ಅದು ಅರ್ಧ ಉರಿಗೆ ಬೆಂದಿತು. ಕಂಬಳಿಯ ನೂಲಿಗೆ ಹಚ್ಚುವ ಹುಣಸೆ ಬೀಜದ ಗಂಜಿಯನ್ನು ತೆರೆದ ಗಡಿಗೆಯಲ್ಲಿ ಗಂಟೆಗಟ್ಟಲೆ ಕುದಿಸುತ್ತಿದ್ದರು. ಅದಕ್ಕೊಂದು ಮುಚ್ಚಳ ಹಾಕಿ, ರೊಟ್ಟಿ ಬೇಯುವಾಗಲೇ ಪಕ್ಕದ ಕೋಡೊಲೆಯ ಮೇಲಿಟ್ಟಳು. ಒಂದೇ ಉರಿಗೆ ಎರಡು ಕೆಲಸ.

ಅತ್ತೆ ನೋಡಿಯೂ ನೋಡದಂತೆ ಇದ್ದಳು. ಹೊರೆ ಕಟ್ಟಿಗೆ ಹಿಂದಿಗಿಂತ ಹೆಚ್ಚು ದಿನ ಬಾಳಿತು. ಆದರೆ ಚುಕ್ಕಿಯನ್ನು ಉಳಿಸುವಷ್ಟಲ್ಲ. ತೂತು ಇದ್ದದ್ದು ಎಣ್ಣೆಯಲ್ಲಿ.

ಸಂತೆಗೆ ಇನ್ನೆರಡು ದಿನ ಇರುವಾಗ ಗೋಡೆಯಾಚೆಯ ಹಜರಾಬೀ ಕೆಂಡ ಕೇಳಲು ಬಂದಳು. ಬೆಂಕಿಕಡ್ಡಿ ಗೀರುವ ಬದಲು ಪಕ್ಕದ ಮನೆಯ ಕೆಂಡ ಒಯ್ಯುವುದು ಆಗಿನ ಪದ್ಧತಿ. ಅವಳ ಗಂಡ ಶರೀಫಸಾಬ ಪೇಟೆಯ ಬೀದಿ ಕಂದೀಲು ಹಚ್ಚುವ ಕೆಲಸದವನು. ಆ ಕಂದೀಲುಗಳ ಗಾಜು ಒರೆಸಿ ಬತ್ತಿ ಕತ್ತರಿಸುವುದು ಮನೆಯಲ್ಲಿ ಹಜರಾಬೀಯ ಕೆಲಸ. ಪಡಸಾಲೆಯಲ್ಲಿ ತೂಗುತ್ತಿದ್ದ ಕಂದೀಲು ನೋಡಿ ಅವಳು ಅಲ್ಲೇ ನಿಂತಳು.

"ಅಕ್ಕಾ, ಇದು ಕಂದೀಲೋ ಕಾಡಿಗಿ ಡಬ್ಬಿಯೋ?"

ಶಂಕ್ರಮ್ಮನಿಗೆ ಕೋಪ ಬಂತು. ಹಜರಾಬೀ ಅದನ್ನು ಲೆಕ್ಕಕ್ಕಿಡಲಿಲ್ಲ. ತಣ್ಣಗಿದ್ದ ಗಾಜು ಬಿಚ್ಚಿ, ಒಣ ಬೂದಿ ಹಚ್ಚಿದ ಮೆತ್ತನೆಯ ಬಟ್ಟೆಯಿಂದ ಒಳಗೆಲ್ಲ ಒರೆಸಿದಳು. ಸುಟ್ಟು ಹಲ್ಲು ಹಲ್ಲಾಗಿದ್ದ ಬತ್ತಿಯನ್ನು ಕತ್ತರಿಯಿಂದ ನೇರ ಮಾಡಿ, ಎರಡೂ ಮೂಲೆ ತುಸು ಕೊಯ್ದಳು. ಕೈ ಕೆಲಸ ಮಾಡುತ್ತಲೇ ಬಾಯಿ ಹೇಳುತ್ತಿತ್ತು: ಬತ್ತಿ ಎತ್ತರಿಸಿದರೆ ಹೊಗೆ, ಹೊಗೆಯಿಂದ ಗಾಜು ಕಪ್ಪು, ಗಾಜು ಕಪ್ಪಾದರೆ ಬೆಳಕು ಸಾಲದು, ಸಾಲದು ಅಂತ ನೀವು ಬತ್ತಿಯನ್ನು ಇನ್ನಷ್ಟು ಎತ್ತರಿಸುತ್ತೀರಿ. ಎಣ್ಣೆ ಸುಟ್ಟು ಮಸಿ ಮಾಡುತ್ತಿದ್ದೀರಿ ಅಷ್ಟೇ. ಗೋಡೆಯ ಗೂಡಿಗೆ ಸುಣ್ಣ ಬಳಿದು ಕಂದೀಲನ್ನು ಅದರಲ್ಲಿಡಿ, ಸಣ್ಣ ಬತ್ತಿಗೇ ಪಡಸಾಲೆ ತುಂಬುತ್ತದೆ ಎಂದಳು.

ಇಷ್ಟು ಹೇಳಿ ಬಿಟ್ಟಿದ್ದರೆ ನಾಲ್ಕೂ ದೀಪ ಸ್ವಚ್ಛವಾಗಿ ಉರಿಯುತ್ತಿದ್ದವು, ಚುಕ್ಕಿ ಸಂತೆಗೆ ಹೋಗುತ್ತಿದ್ದಳು. ಹಜರಾಬೀ ಇನ್ನೊಂದು ಹೆಜ್ಜೆ ಮುಂದೆ ಹೋದಳು. ನೀವೆಲ್ಲ ಇಲ್ಲೇ ಪಡಸಾಲೆಯಲ್ಲಿ ಕೂರುತ್ತೀರಿ, ಇಲ್ಲೇ ಮಲಗುತ್ತೀರಿ, ಉಳಿದ ಮೂರು ದೀಪ ಯಾರಿಗೆ ಎಂದು ಕೇಳಿಯೇಬಿಟ್ಟಳು.

"ಕತ್ತಲ ಅಂದ್ರ ಏನು ಅಂತ ನಿನಗೇನ್ ಗೊತ್ತು?" ಎಂದಳು ಶಂಕ್ರಮ್ಮ.

ಹಜರಾಬೀ ಗಾಜನ್ನು ಮೆಲ್ಲಗೆ ಕೆಳಗಿಟ್ಟಳು. "ಫೌಜು ಬಂದ ಮ್ಯಾಲ ಮುಸಲ್ಮಾನರ ಮ್ಯಾಲ ಸೇಡು ತೀರಿಸ್ಕೊಳ್ಳೋ ದಿನ ಬಂದ್ವು, ನಮ್ಮ ಮನ್ಯಾಗ ದೀಪ ಹಚ್ಚೋ ಧೈರ್ಯ ಯಾರಿಗಿತ್ತಕ್ಕಾ? ನಾನೂ ಮಕ್ಕಳ ಬಾಯಿ ಮುಚ್ಚಿ ಕತ್ತಲಾಗ ಕುಂತಿದ್ದೆ. ನಿಮ್ಮದೇ ಗ್ವಾಡಿ ಆಚಿ ಕಡಿ."

ನಡುವೆ ಒಂದು ಗೋಡೆ, ಇಷ್ಟು ವರ್ಷದಲ್ಲಿ ಒಂದು ದಿನವೂ ಶಂಕ್ರಮ್ಮ ಅದನ್ನು ಕೇಳಿರಲಿಲ್ಲ. ಎದ್ದು ಒಳಗೆ ಹೋಗಿ ಒಂದು ತಂಬಿಗೆ ಮಜ್ಜಿಗೆ ತಂದು ಮುಂದಿಟ್ಟಳು. ಹಜರಾಬೀ ಕುಡಿದು ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ನನ್ನ ತಲಿದಿಂಬಿನ ಬುಡಕ ಕಡ್ಡಿಪೆಟಗಿ ಇರತೈತಿ. ಅಂಜಿಕಿ ಬಂದ್ರ ಗೀರತೀನಿ, ಇಲ್ಲಂದ್ರ ಮಲಗತೀನಿ. ಈಗ ಬ್ಯಾಡ ಅನ್ನೋರು ಯಾರೂ ಇಲ್ಲಲ್ಲ. ರಾತ್ರೆಲ್ಲಾ ದೀಪ ಉರಿಸಿದ್ರ ಭಗವಂತರಾಯನ ಗಲ್ಲಾ ಬೆಳಗತೈತಿ, ನಮ್ಮ ಮನಿ ಅಲ್ಲ."

ಕೆಂಡ ತೆಗೆದುಕೊಂಡು ಹೋದಳು. ಅವತ್ತು ಸಂಜೆಯೂ ನಾಲ್ಕು ದೀಪ ಉರಿದವು.

ಸಂತೆಯ ಹಿಂದಿನ ದಿನ ಎಣ್ಣೆ ಮುಗಿಯಿತು. ಸೊಸೆಯ ಮಾತು ನಿಜವೋ ಸುಳ್ಳೋ ನೋಡಿಯೇ ಬಿಡುತ್ತೇನೆಂದು ಶಂಕ್ರಮ್ಮ ತಾನೇ ಬಾಟಲಿ ಹಿಡಿದು ಹೊರಟಳು. ಭಗವಂತರಾಯ ಎದ್ದು ನಿಂತು ಬರಮಾಡಿಕೊಂಡ. ಬಾಟಲಿ ತುಂಬಿಸಿದ. ಆಮೇಲೆ ರೇಟು ಹೇಳಿದ. ಹಾಲಿಯಲ್ಲಿ ಕೊಡುತ್ತಿದ್ದ ಆಣೆಗಳನ್ನೇ ಕಲ್ದಾರದಲ್ಲಿ ಕೇಳಿದ, ಮೇಲೆ ಈ ತಿಂಗಳ ಏರಿಕೆ. ಸೊಸೆ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಇಷ್ಟು ಕೊಟ್ಟರೆ ನಾವು ಉಣ್ಣುವುದು ಏನು ಎಂದು ಶಂಕ್ರಮ್ಮ ಕೇಳಿದಳು. ಭಗವಂತರಾಯ ನಕ್ಕ. ಕೆಟ್ಟವನಂತೆ ಅಲ್ಲ, ಮನೆಯವನಂತೆಯೇ ನಕ್ಕ.

"ಶಂಕ್ರವ್ವ, ನಿಮ್ಮಂಥ ಮನಿ ಇರೋದಕ್ಕ ನನ್ನ ಅಂಗಡಿ ನಡದೈತಿ. ರೇಟು ಎಷ್ಟರ ಆಗಲಿ, ನಿಮ್ಮ ಮನ್ಯಾಗ ದೀಪ ಆರಂಗಿಲ್ಲ. ನೀವು ಒಯ್ಯೋರೇ." ಆಮೇಲೆ ದನಿ ತಗ್ಗಿಸಿ ಸೇರಿಸಿದ. "ಬೀರಣ್ಣ ಒಂದು ಕುರಿ ಸಂತಿಗೆ ಒಯ್ಯಾಕತ್ತಾನಂತ. ಅಷ್ಟು ದೂರ ಯಾಕ, ಇಲ್ಲೇ ತಂದು ಕಟ್ಟಲಿ. ಎಣ್ಣಿ ರೊಕ್ಕಕ್ಕ ಮುರಕೋತೀನಿ."

ಶಂಕ್ರಮ್ಮನ ಕಿವಿಯಲ್ಲಿ ಬಿಸಿನೀರು ಹೊಯ್ದಂತಾಯಿತು. ತಾನು ದೀಪ ಆರಿಸದಿರುವುದು ಹಠ ಎಂದು, ಧೈರ್ಯ ಎಂದು ಅವಳು ತಿಳಿದಿದ್ದಳು. ಈ ಮನುಷ್ಯನಿಗೆ ಅದು ಅವಳ ಮೂಗುದಾರ. ಅವಳು ಅಂಜುತ್ತಾಳೆ ಎಂದು ಇವನಿಗೆ ಗೊತ್ತು. ಅಂದು ಅಂಜಿಸಿದವರು ದೀಪ ಆರಿಸಿದರು, ಇಂದು ಅದೇ ಅಂಜಿಕೆಯ ಹಗ್ಗ ಹಿಡಿದು ಇವನು ಹೊಟ್ಟೆಯೊಳಗೆ ಮರಿಯಿರುವ ಕುರಿಯನ್ನು ಎಳೆಯುತ್ತಿದ್ದಾನೆ. ಎರಡು ಸಲವೂ ತೀರ್ಮಾನ ಅವಳದಾಗಿರಲಿಲ್ಲ.

"ಎಣ್ಣಿ ತಿರುಗಿ ಡಬ್ಬಿಗೆ ಸುರುವು," ಎಂದಳು.

ಭಗವಂತರಾಯ ತಮಾಷೆ ಎಂದುಕೊಂಡ. ಇವತ್ತು ರಾತ್ರಿ ಏನು ಉರಿಸುತ್ತೀರಿ ಎಂದು ಕೇಳಿದ.

"ನನ್ನ ಮನಿ ದೀಪದ ಚಿಂತಿ ನನಗಿರಲಿ. ನೀ ಮೊದಲ ಹಾಲಿಗೆಷ್ಟು, ಕಲ್ದಾರಕ್ಕೆಷ್ಟು ಅನ್ನೋದು ಕಲಿ. ಕಲಿತ ಮ್ಯಾಲ ಬರತೀನಿ."

ಖಾಲಿ ಬಾಟಲಿ ಹಿಡಿದು ಪೇಟೆಯ ನಡುವೆ ನಡೆದು ಬಂದಳು. ಸುರಪುರದ ಹೆಣ್ಣು ಖಾಲಿ ಕೈಯಲ್ಲಿ ತಲೆ ಎತ್ತಿ ನಡೆದರೆ ನೋಡುವವರಿಗೂ ತಿಳಿಯುತ್ತದೆ, ಏನೋ ಆಗಿದೆ ಎಂದು. ಮನೆಗೆ ಬರುವಷ್ಟರಲ್ಲಿ ಹೊತ್ತು ಮುಳುಗಿತ್ತು. ರೇಣಮ್ಮ ದೀಪಗಳಲ್ಲಿ ತಳದಲ್ಲಿ ಉಳಿದಿದ್ದ ಎಣ್ಣೆಗೇ ಎಂದಿನಂತೆ ನಾಲ್ಕನ್ನೂ ಹಚ್ಚಿದ್ದಳು. ಬೆಳಿಗ್ಗೆ ಬೇಗ ಹೊರಡಲೆಂದು ಬೀರಣ್ಣ ಚುಕ್ಕಿಯನ್ನು ಬೇರೆಯಾಗಿ ಬಾಗಿಲ ಗೂಟಕ್ಕೆ ಕಟ್ಟಿದ್ದ.

ಶಂಕ್ರಮ್ಮ ಬಾಟಲಿಯನ್ನು ಕೆಳಗಿಟ್ಟಳು. ಹಟ್ಟಿಗೆ ಹೋಗಿ ಕಂದೀಲಿನ ಬತ್ತಿ ಇಳಿಸಿ ಊದಿದಳು. ಅಡುಗೆಮನೆಯ ಚಿಮಣಿ ಊದಿದಳು. ಸಾಬಣ್ಣನ ಖೋಲಿಯ ಮುಂದೆ ಬಂದಾಗ ಮಾತ್ರ ಅವಳ ಕಾಲು ನಿಂತವು. ರೇಣಮ್ಮ ಕೂಸನ್ನು ಎತ್ತಿಕೊಂಡು ನೋಡುತ್ತಿದ್ದಳು. ಬಹಳ ಹೊತ್ತು ಒಳಗಿದ್ದಳು ಶಂಕ್ರಮ್ಮ. ಗಂಡನ ಹತ್ತಿರ ಏನಾದರೂ ಹೇಳಿಕೊಂಡಳೋ ಏನೋ, ಅದು ಯಾರಿಗೂ ಗೊತ್ತಿಲ್ಲ. ಆಮೇಲೆ ಆ ಬಾಗಿಲಲ್ಲೂ ಬೆಳಕು ಹೋಯಿತು. ಕಣ್ಣು ಒರೆಸಿಕೊಂಡು ಹೊರಗೆ ಬಂದು ಪಡಸಾಲೆಯ ಕಂದೀಲಿನ ಕೆಳಗೆ ಕೂತು, ಸೊಸೆಗೆ ಕಡ್ಡಿಪೆಟ್ಟಿಗೆ ತಂದುಕೊಡು ಎಂದಳು. ಅದನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡಳು.

"ಅವತ್ತು ದೀಪ ಆರಿಸಿದ್ದು ಅಂಜಿಕಿ. ಇವತ್ತು ಆರಿಸಿದಾಕಿ ನಾನು," ಎಂದಳು. "ಬೀರ್ಯಾ, ಕುರಿ ಬಿಚ್ಚಿ ಹಟ್ಟಿಗೆ ಬಿಡು. ನನ್ನ ಮೊಮ್ಮಗಳ ಕುರಿ ಯಾರ ಎಣ್ಣಿಗೂ ಹೋಗಂಗಿಲ್ಲ."

ಬೀರಣ್ಣ ಓಡಿ ಹೋಗಿ ಹಗ್ಗ ಬಿಚ್ಚಿದ. ಗಂಡ ಅಷ್ಟು ಜೋರಾಗಿ ಓಡಿದ್ದನ್ನು ನಾನು ಮತ್ತೆಂದೂ ನೋಡಲಿಲ್ಲ ಎಂದು ನಮ್ಮತ್ತೆ ನಗುತ್ತಿದ್ದಳು.

ಮಾರನೇ ಸಂಜೆಯಿಂದ ಹೊಸ ವ್ಯವಸ್ಥೆ ಶುರುವಾಯಿತು. ಒಂದು ದಿನ ಶಂಕ್ರಮ್ಮನ ಪಡಸಾಲೆಯ ಕಂದೀಲು, ಮರುದಿನ ಹಜರಾಬೀಯ ಮನೆಯದು. ಎರಡೂ ಮನೆಯವರು ಒಂದೇ ಬೆಳಕಿಗೆ ಕೂತು ಉಣ್ಣೆ ನೂತರು, ಹರಟೆ ಹೊಡೆದರು, ಆಮೇಲೆ ದೀಪ ಆರಿಸಿ ಅವರವರ ಮನೆಗೆ ಹೋಗಿ ಮಲಗಿದರು. ಓಣಿಯ ಉಳಿದ ಹೆಂಗಸರೂ ತಮ್ಮ ತಮ್ಮ ಗಾಜು ಒರೆಸಿದರು. ಮನೆಗಳಲ್ಲಿ ಇದ್ದ ಎಣ್ಣೆಯನ್ನೇ ಹಂಚಿಕೊಳ್ಳೋಣ, ಸರಿಯಾದ ಲೆಕ್ಕ ಹೇಳುವ ತನಕ ಭಗವಂತರಾಯನ ಅಂಗಡಿಯ ಮೆಟ್ಟಿಲು ಹತ್ತಬಾರದು ಎಂದು ಮಾತಾಡಿಕೊಂಡರು. ಎಷ್ಟು ದಿನ ಅವನು ನೊಣ ಹೊಡೆಯುತ್ತ ಕೂತಿದ್ದನೋ, ಕೊನೆಗೆ ಸರಿಯಾದ ಲೆಕ್ಕ ಹೇಳಿದ. ಪೇಟೆಯ ಏರಿಕೆಯನ್ನು ಇಳಿಸುವುದು ಅವನ ಕೈಯಲ್ಲೂ ಇರಲಿಲ್ಲ, ಅದನ್ನು ಯಾರೂ ಕೇಳಲೂ ಇಲ್ಲ. ಹಾಲಿ ಕಲ್ದಾರದ ಆಟ ಮಾತ್ರ ಅವತ್ತಿಗೆ ನಿಂತಿತು.

ಚುಕ್ಕಿ ಮೊದಲ ಸಲ ಗಂಡುಮರಿ ಈದಳು. ಇಷ್ಟೆಲ್ಲ ಮಾಡಿದ್ದಕ್ಕೆ ಗಂಡೇ ಎಂದು ಶಂಕ್ರಮ್ಮ ಕುರಿಯ ಮೇಲೆ ಸಿಟ್ಟಾದಳಂತೆ. ಮುಂದಿನ ಸಲದಿಂದ ಹೆಣ್ಣು ಬಂದವು. ಗುರುಲಿಂಗಮ್ಮ ಲಗ್ನವಾಗಿ ಶಹಾಪುರಕ್ಕೆ ಹೋಗುವಾಗ ಅವಳ ಹಿಂದೆ ದಾರಿ ತುಂಬ ಕುರಿ ನಡೆದವು.

ಇನ್ನೊಂದು ಮಾತು ಹೇಳದಿದ್ದರೆ ಕಥೆ ಅರ್ಧ ಆಗುತ್ತದೆ. ಬಹಳ ವರ್ಷದ ಮೇಲೆ ಶಂಕ್ರಮ್ಮ ಹಾಸಿಗೆ ಹಿಡಿದಳು. ಇವತ್ತೇ ಕೊನೆ ಎಂದು ತಿಳಿದ ದಿನ ಹೊತ್ತು ಮುಳುಗುತ್ತಲೇ ರೇಣಮ್ಮ ನಾಲ್ಕೂ ದೀಪ ಹಚ್ಚಿದಳು. ಎಣ್ಣೆ ಮನೆಯಲ್ಲಿತ್ತು. ಉಳಿಸಿದ್ದು ಇಂಥ ದಿನಕ್ಕೇ ಅಲ್ಲವೇ? ಶಂಕ್ರಮ್ಮ ಮಗನ ಮುಖ ನೋಡಿದಳು, ಸೊಸೆಯ ಮುಖ ನೋಡಿದಳು, ಗೋಡೆಯಾಚೆಯಿಂದ ಬಂದು ಕೂತ ಹಜರಾಬೀಯ ಮುಖ ನೋಡಿದಳು. ಎಲ್ಲರೂ ಅವಳ ಮುಖ ನೋಡಿದರು. ಆಮೇಲೆ ದಿಂಬು ತೆಗೆದಾಗ ಕೆಳಗೆ ಕಡ್ಡಿಪೆಟ್ಟಿಗೆ ಇತ್ತು. ತುಂಬಿಯೇ ಇತ್ತು. ಕೈಗೆ ಸಿಗುವಂತಿದ್ದರೆ ಅವಳಿಗೆ ಅಷ್ಟೇ ಸಾಕಾಗಿತ್ತು.

ಕಥೆ ಮುಗಿದಾಗ ಮೌನಮ್ಮ ತನ್ನ ಹೆಸರಿಗೆ ತಕ್ಕಂತೆ ಕೂತಿದ್ದಳು. ಅವಳನ್ನು ಹಾಗೆ ಬಿಡಲಿಲ್ಲ ನಾನು. ಸಭೆ ಮುಗಿದ ಮೇಲೆ ಎಲ್ಲರೂ ಅವಳ ಮನೆಗೇ ನಡೆದೆವು. ಪಡಸಾಲೆಯಲ್ಲಿ ಯಾರೂ ಇಲ್ಲ, ಟಿವಿ ತನ್ನಷ್ಟಕ್ಕೆ ಹಾಡುತ್ತಿತ್ತು, ಮೇಲೆ ಫ್ಯಾನು ಗಾಳಿಯನ್ನು ಗೋಡೆಗೆ ಬೀಸುತ್ತಿತ್ತು. ಬಚ್ಚಲಲ್ಲಿ ಹಳೆಯ ಗುಂಡು ಬಲ್ಬು ಹಗಲಲ್ಲೇ ಉರಿಯುತ್ತಿತ್ತು. ನಮ್ಮ ಚಹಾಕ್ಕೆಂದು ಅವಳು ಹಚ್ಚಿದ ಒಲೆಯ ಮೇಲೆ ಸಣ್ಣ ಪಾತ್ರೆ, ಅದರ ಸುತ್ತ ಹೊರಗೆ ಚಾಚಿದ ದೊಡ್ಡ ಉರಿ, ಅದೂ ಹಳದಿ ಉರಿ, ಮುಚ್ಚಳ ಇಲ್ಲ. ಮೌನಮ್ಮ ನಮ್ಮ ಮುಖ ನೋಡಿ ತಾನೇ ಹೋಗಿ ಒಂದೊಂದೇ ಬಟನ್ ಒತ್ತಿದಳು.

"ಸಾಕ್ರೆವ್ವಾ, ತಿಳೀತು," ಎಂದಳು. "ನಾನೇ ಭಗವಂತರಾಯನ ಗಲ್ಲಾ ತುಂಬಸಾಕತ್ತಿದ್ದೆ."

ಈ ಸಲದ ಸಭೆಗೆ ಉಳಿತಾಯದ ಹಣ ತಂದಳು. ಬಾಯಿ ಮಾತ್ರ ಕಡಿಮೆಯಾಗಿಲ್ಲ, ಈಗ ಬೇರೆಯವರ ಮನೆಗೆ ಹೋಗಿ ಬಟನ್ ಒತ್ತಿ ಬರುತ್ತಾಳೆ.

ಅಕ್ಕಂದಿರೇ, ತಂಗಿಯರೇ, ಇದನ್ನು ಓದುತ್ತಿರುವ ಅಣ್ಣಂದಿರೇ, ರೇಟು ಏರುತ್ತದೆ, ನಾಳೆಯೂ ಏರಬಹುದು. ಬಿಲ್ಲು ಕಟ್ಟಬೇಡಿ ಎಂದು ನಾನು ಹೇಳುತ್ತಿಲ್ಲ. ಉರಿಸಿದ್ದಕ್ಕೆ ಕಟ್ಟಿ, ಸುಮ್ಮನೆ ಉರಿದಿದ್ದಕ್ಕೆ ಯಾಕೆ ಕಟ್ಟುತ್ತೀರಿ? ಎಲ್ಲ ಹೆಚ್ಚಿ, ತೊಳೆದು, ಎದುರಿಗೆ ಇಟ್ಟುಕೊಂಡ ಮೇಲೆ ಗ್ಯಾಸು ಹಚ್ಚಿ. ಬೇಳೆ ನೆನೆಸಿ, ಪಾತ್ರೆಗೆ ಮುಚ್ಚಳ ಹಾಕಿ, ಕುದಿ ಬಂದ ಮೇಲೆ ಉರಿ ಸಣ್ಣ ಮಾಡಿ. ಉರಿ ಹಳದಿಯಾಗಿದ್ದರೆ ಬರ್ನರ್ ತಣ್ಣಗಾದ ಮೇಲೆ ಅದರ ತೂತು ಸ್ವಚ್ಛ ಮಾಡಿ, ನೀಲಿ ಉರಿ ಬರಬೇಕು. ಮಲಗುವಾಗ ರೆಗ್ಯುಲೇಟರ್ ಬಂದ್ ಮಾಡಿ, ಉಳಿತಾಯಕ್ಕಿಂತ ಜೀವ ದೊಡ್ಡದು. ಗುಂಡು ಬಲ್ಬು ತೆಗೆದು ಎಲ್‌ಇಡಿ ಹಾಕಿ, ಅದರ ಮೇಲಿನ ಧೂಳು ಒರೆಸಿ, ಹಜರಾಬೀ ಗಾಜು ಒರೆಸಿದ ಹಾಗೆ. ಮೀಟರ್ ಓದುವುದನ್ನು ಕಲಿಯಿರಿ, ಬರದಿದ್ದರೆ ಸಂಘಕ್ಕೆ ಬನ್ನಿ, ಕಲಿಸುತ್ತೇವೆ. ಬಿಲ್ಲಿನಲ್ಲಿ ಬರೆದದ್ದಕ್ಕಿಂತ ಹೆಚ್ಚು ಯಾರಾದರೂ ಕೇಳಿದರೆ ಯಾಕೆ ಎಂದು ಕೇಳಿ. ಒಬ್ಬಳೇ ಕೇಳಲು ಅಂಜಿಕೆಯಾದರೆ ಓಣಿಯೇ ಕೂಡಿ ಕೇಳಿ.

ಬೇಕಾದಾಗ ಧಾರಾಳವಾಗಿ ಉರಿಸಿ. ಓದುವ ಮಗುವಿಗೆ, ಕಾಯಿಲೆಯವರಿಗೆ, ಬಂದ ಬೀಗರಿಗೆ ಕತ್ತಲು ಮಾಡಬೇಡಿ. ಅದಕ್ಕೇ ಅಲ್ಲವೇ ಉಳಿದ ಹೊತ್ತು ಆರಿಸುವುದು. ಇವತ್ತು ಸಂಜೆ ಮನೆಯೊಳಗೆ ಒಂದು ಸುತ್ತು ಬನ್ನಿ. ಯಾರೂ ಇಲ್ಲದ ಖೋಲಿಯಲ್ಲಿ ದೀಪ ಉರಿಯುತ್ತಿದ್ದರೆ ಆ ಬಟನ್ ನೀವೇ ಒತ್ತಿ. ರೇಟಿಗೆ ಅಂಜಿ ಅಲ್ಲ, ಶಂಕ್ರಮ್ಮನ ಹಾಗೆ ತಲೆ ಎತ್ತಿ ಒತ್ತಿ. ಆಮೇಲೂ ಯಾರಾದರೂ ನಮ್ಮ ಕೈಯಾಗ ಏನೈತಿ ಎಂದು ಕೇಳಿದರೆ, ಅವರ ಕೈಯನ್ನು ಹಿಡಿದು ಆ ಬಟನ್ ಮೇಲೆ ಇಡಿ.